ಒಂದು ಸಲಕ್ಕೆ ಒಂದೇ ಫೋನು

ಹಲ್ಲಿನ ಡಾಕ್ಟರ ಕೋಣೆಯ ಹೊರಗೆ, ಊದಿದ ಕೆನ್ನೆ ಹಿಡಿದು ಕೂತಿದ್ದ ದರ್ಜಿಗೆ ಪಕ್ಕದ ಬೆಂಚಿನ ಅಕ್ಕ-ತಮ್ಮನ ಮಾತು ಬೇಡವೆಂದರೂ ಕಿವಿಗೆ ಬೀಳುತ್ತಿತ್ತು. ಇಬ್ಬರದೂ ನರೆತ ತಲೆ.

“ಅಕ್ಕಾ, ನಾನು ನನ್ನ ಮನೇಲಿ ಧಾರಾವಾಹಿ ಹಾಕಿದ ಕೂಡ್ಲೇ ನಿನ್ನ ಫೋನಲ್ಲಿ ನಿಂತೋಗುತ್ತಂತೆ?”

“ಹೂಂ. ‘ಬೇರೆ ಫೋನಲ್ಲಿ ನೋಡ್ತಿದ್ದಾರೆ’ ಅಂತ ಬರುತ್ತೆ.”

“ನಮ್ಮಿಬ್ಬರಿಗೂ ಇರೋದು ಒಂದೇ ಚಂದಾ ಅಲ್ವಾ, ಅದಕ್ಕೆ ಒಂದು ಸಲಕ್ಕೆ ಒಂದೇ ಫೋನಂತೆ, ಅವರ ಕರಾರು. ಎರಡು ಫೋನಿನ ಚಂದಾ ಹಾಕಿಸ್ತೀನಿ ಬಿಡು.”

“ಏನೂ ಬೇಡ.”

“ದಿನಾ ಬೆಳಿಗ್ಗೆ ನಿನ್ನದು ನಿಲ್ಲಿಸಿ ನಾನು ನೋಡೋದು ಚೆನ್ನಾಗಿರುತ್ತಾ?”

“ಹೃದಯದ ಆಪರೇಷನ್ ಆದ್ಮೇಲೂ ಒಬ್ಬನೇ ಇರ್ತೀನಿ ಅಂತ ಹಟ ಹಿಡಿದೋನು ನೀನು. ಫೋನ್ ಮಾಡಿ ‘ಹೇಗಿದ್ದೀಯೋ’ ಅಂದ್ರೆ ಸಿಡುಕ್ತೀಯ. ಬೆಳಿಗ್ಗೆ ನನ್ನದು ನಿಂತ್ರೆ, ಸದ್ಯ, ಎದ್ದಿದ್ದಾನೆ ಅನ್ಕೋತೀನಿ. ಆಮೇಲೇ ನನ್ನ ಗಂಟಲಲ್ಲಿ ಕಾಫಿ ಇಳಿಯೋದು.”

ತಮ್ಮ ಅಕ್ಕನ ಕಡೆ ತಿರುಗಿದ.

“ಅಂದ್ರೆ ನೀನು ಧಾರಾವಾಹಿ ನೋಡೋದೇ ಇಲ್ವಾ?”

“ಅದರ ತಲೆಬುಡ ಯಾರಿಗೆ ಗೊತ್ತೋ! ಹಾಕಿ ಎದುರಿಗೆ ಇಟ್ಕೊಂಡು ಕೂತಿರ್ತೀನಿ, ಅಷ್ಟೇ.”

ಒಳಗಿಂದ ನರ್ಸ್ ಕರೆದಳು. ತಮ್ಮ ಎದ್ದು, ಕನ್ನಡಕ ತೆಗೆದು ಅಕ್ಕನ ಕೈಗಿಟ್ಟ.

“ನಾಳೆಯಿಂದ ಬೇಗ ಹಾಕ್ತೀನಿ. ನಿನ್ನ ಕಾಫಿ ಆರೋದು ಬೇಡ” ಎಂದು ಬಾಗಿಲ ಕಡೆ ತಿರುಗಿಯೇ ಹೇಳಿ ಒಳಗೆ ಹೋದ.