ಒಗೆಕಲ್ಲಮ್ಮನ ಹಿತ್ತಲು

ಹೂಂಗುಟ್ಟೋರು ಮುಂದೆ ಬನ್ನಿ, ಆಕಳಿಸೋರು ಗೋಡೆಗೆ ಒರಗಿ. ಒಂದಾನೊಂದು ಕಾಲದಲ್ಲಿ ಒಂದು ಊರು. ಊರಂದ್ರೆ ಹಳ್ಳಿ ಅಲ್ಲ ಕಣ್ರಪ್ಪ, ಪಟ್ಟಣ. ಹೆಸರು ಕೇಳಬೇಡಿ, ಹೇಳಿದ್ರೆ ಆ ಊರಿನೋರು ಜಗಳಕ್ಕೆ ಬರ್ತಾರೆ. ಆ ಪಟ್ಟಣದಲ್ಲಿ ಒಂದು ವಠಾರ. ವಠಾರಕ್ಕೊಬ್ಬ ಯಜಮಾನ, ಸಂಪಂಗಪ್ಪ. ಕೊನೇ ಮನೇಲಿ ಬಾಡಿಗೆಗಿದ್ದೋಳು ಹೊನ್ನಾಜಮ್ಮ. ರವಿಕೆ ಹೊಲಿಯೋಳು. ಎಡಚಿ. ಕತ್ತರಿ ಹಿಡಿಯೋದೂ ಎಡಗೈಲಿ, ಬಟ್ಟೆ ಒಗೆಯೋದೂ ಎಡಗೈಲಿ. ಜನ ನೋಡಿ ನಗೋರು. ಅವಳು ನಗ್ತಿರಲಿಲ್ಲ.

ಅವಳ ಮನೆಗೆ ಕಿಟಕಿ ಇಲ್ಲ, ಮುಂಬಾಗಿಲು ಕತ್ತಲೆ ಓಣಿಗೆ. ಬೆಳಕಿಗೆ ಅಂತ ಇದ್ದಿದ್ದು ಹಿಂದಿನ ಬಾಗಿಲು ಒಂದೇ. ತೆಗೆದ್ರೆ ಏನಿದೆ? ಹಿತ್ತಲು. ಹಿತ್ತಲಲ್ಲಿ ಏನಿದೆ? ಕಸ. ವಠಾರದ ಕಸ, ಎದುರು ಸಾಲಿನ ಕಸ, ಯಾರದು ಅಂತ ಯಾರೂ ಒಪ್ಪದ ಕಸ. ನಾತಕ್ಕೆ ಆರು ವರ್ಷದಿಂದ ಆ ಬಾಗಿಲು ತೆಗೆದಿರಲಿಲ್ಲ. ಕತ್ತಲಲ್ಲಿ ಹೊಲಿದೂ ಹೊಲಿದೂ ಕಣ್ಣು ಮಂಜಾಯ್ತು. ಒಂದಿನ ಸೂಜಿಗೆ ದಾರ ಪೋಣಿಸೋಕೆ ಕೂತ್ಲು. ಒಂದು ಸಲ ಆಗ್ಲಿಲ್ಲ, ಎರಡು ಸಲ ಆಗ್ಲಿಲ್ಲ, ಮೂರನೇ ಸಲಕ್ಕೆ ಅಳು ಬಂತು. ಕಣ್ಣು ಹೋದ್ರೆ ಅನ್ನ ಹೋಯ್ತಲ್ಲ! ಅತ್ತು ಮುಗಿಸಿ, ಮುಖ ತೊಳ್ಕೊಂಡು ಯಜಮಾನನ ಹತ್ರ ಹೋದ್ಲು.

"ಯಜಮಾನ್ರೇ, ಹಿತ್ತಲು ಚೊಕ್ಕ ಮಾಡಿ ನಾಲ್ಕು ಗಿಡ ಹಾಕ್ಲಾ?"

"ಯಾವತ್ತಾದ್ರೂ ಗಿಡ ಹಾಕಿದ್ದೀಯೇನಮ್ಮ?"

"ಇಲ್ಲ."

"ಕೈಲಿ ದುಡ್ಡು?"

"ಇಲ್ಲ."

"ಆಳು-ಕಾಳು?"

"ಇಲ್ಲ."

"ಹಂಗಾದ್ರೆ ಮಾಡು," ಅಂದ ಸಂಪಂಗಪ್ಪ. "ದೀಪಾವಳಿ ತನಕ ಬಿಡ್ತೀನಿ. ಅಷ್ಟರಲ್ಲಿ ಹಸಿರು ಕಾಣ್ಲಿಲ್ಲ ಅಂದ್ರೆ, ನಿನ್ನ ಬಾಗಿಲಿಗೆ ಅಡ್ಡ ಗೋಡೆ ಎಬ್ಬಿಸಿ ಸ್ಕೂಟರ್ ಶೆಡ್ ಮಾಡ್ತೀನಿ."

ಕೇಳಿದ್ರಾ? ಗೋಡೆ ಎದ್ರೆ ಬಾಗಿಲೂ ಇಲ್ಲ, ಬೆಳಕೂ ಇಲ್ಲ.

ಹೊನ್ನಾಜಮ್ಮ ಮೂಗಿಗೆ ರವಿಕೆ ಬಟ್ಟೆ ಕಟ್ಕೊಂಡು ಕಸ ಎತ್ತಿದ್ಲು. ಒಂದು ವಾರ ಎತ್ತಿದ್ಲು, ಎರಡು ವಾರ ಎತ್ತಿದ್ಲು, ಮೂರನೇ ವಾರ ನೆಲ ಕಂಡಿತು. ಒಡೆದ ಬಕೆಟ್ಟು, ತೂತು ಬಿದ್ದ ಕೊಳಗ, ಒಂಟಿ ಗಂಬೂಟು ಸಿಕ್ಕವು. ಎಲ್ಲಕ್ಕೂ ಮಣ್ಣು ತುಂಬಿದ್ಲು. ಕುಂಡ ಕೊಳ್ಳೋ ಖರ್ಚು ಉಳೀತು.

ಬೀಜಕ್ಕೆ ಎಲ್ಲಿಗೆ ಹೋದ್ಲು? ಅಡುಗೆಮನೆ ಡಬ್ಬಕ್ಕೆ. ಕೊತ್ತಂಬರಿ ಬೀಜ ಹಾಕಿದ್ಲು, ಹುಟ್ಟಲಿಲ್ಲ. ಮೆಂತ್ಯ ಚೆಲ್ಲಿದ್ಲು, ಪಾರಿವಾಳ ತಿಂದ್ವು. ಟೊಮೇಟೊ ಸಸಿ ಎದ್ದಿತು, ಪ್ರೀತಿಗೆ ಮೂರು ಹೊತ್ತು ನೀರು ಹಾಕಿದ್ಲು, ಕೊಳೆತುಹೋಯ್ತು.

ಸೊಪ್ಪು ಮಾರೋ ಬೋರಕ್ಕ ಬುಟ್ಟಿ ಇಳಿಸಿ ನೋಡಿದ್ಲು. "ಅಯ್ಯೋ ನನ್ ತಾಯಿ! ಕೊತ್ತಂಬರೀನ ಇಡೀ ಕಾಳು ಹಾಕ್ತಾರೇನೇ? ಮೆಟ್ಟಿನಡಿ ಉಜ್ಜಿ ಎರಡು ಹೋಳು ಮಾಡಬೇಕು. ಮೆಂತ್ಯದ ಮೇಲೆ ಬೆರಳಷ್ಟು ಮಣ್ಣು ಮುಚ್ಚು. ನೀರು, ಮಣ್ಣು ಮುಟ್ಟಿ ನೋಡಿ ಹಾಕು. ತಗೋ, ಬಸಳೆ ಕಡ್ಡಿ. ಇದನ್ನ ಸಾಯ್ಸೋಕೆ ನಿನ್ನ ಕೈಲೂ ಆಗಲ್ಲ."

ಬಸಳೆ ಹಬ್ಬಿತು. ಕೊತ್ತಂಬರಿ ಎದ್ದಿತು. ಕೈ ಕೆಸರಾದ್ರೆ ಬಾಯಿ ಮೊಸರು, ಸರಿ. ಆದ್ರೆ ಜನರ ಕೈ ಸುಮ್ನಿರಬೇಕಲ್ಲ? ಆರು ವರ್ಷದ ಅಭ್ಯಾಸ! ಬೆಳಗಾದ್ರೆ ಬಸಳೆ ಮೇಲೆ ಕಸ. 'ಇಲ್ಲಿ ಕಸ ಹಾಕಬೇಡಿ' ಅಂತ ಬೋರ್ಡ್ ಹಾಕಿದ್ಲು. ಗೊತ್ತಿಲ್ದೋರಿಗೂ ಜಾಗ ಗೊತ್ತಾಯ್ತು. ಕೈ ಮುಗಿದ್ಲು. ಅವರೂ ಕೈ ಮುಗಿದು ಹಾಕಿದ್ರು. ಬೈದ್ಲು. ಅವತ್ತು ಎರಡು ಬುಟ್ಟಿ ಜಾಸ್ತಿ ಬಿತ್ತು.

ಅವಳಿಗೆ ರೇಗಿತು. ಮುಂಬಾಗಿಲ ನಲ್ಲಿ ಹತ್ರ ಅವಳದೇ ಒಗೆಯೋ ಕಲ್ಲಿತ್ತು, ತವರಿಂದ ತಂದಿದ್ದು. ಅದನ್ನ ಹಿತ್ತಲಿಗೆ ಉರುಳಿಸಿ ನೆಟ್ಟಗೆ ನಿಲ್ಲಿಸಿದ್ಲು. ಅರಿಶಿನ ಬಳಿದು, ಕುಂಕುಮ ಇಟ್ಟು, ಒಂದು ಹೂ ಸಿಕ್ಕಿಸಿ ಒಳಗೆ ಹೋದ್ಲು.

ಮಾರನೇ ದಿನ ಕಸ ಬಿತ್ತಾ? ಒಂದು ಕಡ್ಡೀನೂ ಬೀಳಲಿಲ್ಲ. ಅದರ ಮಾರನೇ ದಿನ ಯಾರೋ ದೀಪ ಹಚ್ಚಿದ್ರು. ಮೂರನೇ ದಿನ ತೆಂಗಿನಕಾಯಿ ಒಡೆದ್ರು. ತಿಂಗಳೊಳಗೆ ಮೂರು ಹೆಣ್ಣುಮಕ್ಕಳಿಗೆ ಗಂಡು ಗೊತ್ತಾಯ್ತು, ಎದುರು ಮನೆಯೋರ ಕಳೆದ ಬೆಕ್ಕು ವಾಪಸ್ ಬಂತು. ಇನ್ನೇನು ಬೇಕು?

ದೀಪಾವಳಿಗೆ ಸಂಪಂಗಪ್ಪ ಬಂದ. ಹಸಿರು ನೋಡ್ಲಿಲ್ಲ. ಕಲ್ಲು ನೋಡಿ ಕೆನ್ನೆ ಬಡ್ಕೊಂಡ.

"ಹೊನ್ನಾಜಮ್ಮ, ಸ್ಕೂಟರ್ ಶೆಡ್ ಬೇಡ. ಗುಡಿ ಕಟ್ಟಿಸ್ತೀನಿ! ಇಡೀ ಹಿತ್ತಲಿಗೆ ಸಿಮೆಂಟು, ಮೇಲೆ ತಾರಸಿ, ಸುತ್ತ ಗೋಡೆ. ಈ ಬಳ್ಳಿ-ಗಿಳ್ಳಿ ಎಲ್ಲ ನಾಳೆ ಕಿತ್ಹಾಕ್ಸು."

ಬೇಲಿಯೇ ಎದ್ದು ಹೊಲ ಮೇಯ್ದಂಗಾಯ್ತು ನೋಡಿ! ಅವಳು ಬಳ್ಳಿಗೆ ಅಡ್ಡ ನಿಂತ್ಲು.

"ಯಜಮಾನ್ರೇ, ಅದು ದೇವ್ರಲ್ಲ. ನನ್ನ ಒಗೆಯೋ ಕಲ್ಲು."

"ಆಹಾ, ಒಗೆಯೋ ಕಲ್ಲಲ್ಲೇ ಬಂದು ನೆಲೆಸಿದ್ಲಲ್ಲ ತಾಯಿ!"

"ಅದರ ಮೇಲೆ ನಾನು ಆರು ವರ್ಷ ಸೀರೆ ಒಗೆದಿದ್ದೀನಿ."

"ಎಂಥ ಪುಣ್ಯವಂತೆ ನೀನು!"

"ಒಳಲಂಗಾನೂ ಒಗೆದಿದ್ದೀನಿ ಯಜಮಾನ್ರೇ."

"ಪಾಪ ತೊಳೆಯೋಳು ಅವಳು. ಒಗೆಕಲ್ಲಮ್ಮ!" ಅಂದ. ಸುತ್ತ ನಿಂತೋರೆಲ್ಲ "ಒಗೆಕಲ್ಲಮ್ಮ!" ಅಂದು ಅಡ್ಡಬಿದ್ರು. ಮೂರು ಸಲ ನಿಜ ಹೇಳಿದ್ಲು, ಮೂರು ಸಲವೂ ನಿಜಕ್ಕೆ ಹೂವಿನ ಹಾರ ಬಿತ್ತು.

ಅವತ್ತು ಸಂಜೆ ಹೊನ್ನಾಜಮ್ಮ ಕಲ್ಲಿನ ಮುಂದೆ ಕೂತು, "ನಿನ್ನ ಮೇಲೆ ಇಷ್ಟು ವರ್ಷ ಬಟ್ಟೆ ಒಗೆದೆನಲ್ಲ, ಹೀಗಾ ಸೇಡು ತೀರಿಸ್ಕೊಳ್ಳೋದು?" ಅಂತ ಅತ್ತಳು. ಅಳ್ತಾ ಕಲ್ಲಿನ ಮೈ ಸವರಿದ್ಲು. ಒಂದು ಕಡೆ ತರಿತರಿ. ಇನ್ನೊಂದು ಕಡೆ ಸವೆದು ನುಣುಪು. ಅಳು ನಿಲ್ಲಿಸಿದ್ಲು. ಎರಡು ಕಡೆಯೂ ಇನ್ನೊಂದು ಸಲ ಸವರಿದ್ಲು. ಎದ್ದು ಹೋಗಿ ಊಟ ಮಾಡಿ ಮಲಗಿದ್ಲು.

ಬೆಳಿಗ್ಗೆ ಸಿಮೆಂಟ್ ಮೂಟೆ ಬಂತು, ಜನ ಬಂದ್ರು. ಹೊನ್ನಾಜಮ್ಮ ತಲೆ ಮೇಲೆ ಸೆರಗು ಹೊದ್ದು ನಿಂತ್ಲು. "ಯಜಮಾನ್ರೇ, ಮನೆ ಕಟ್ಟೋ ಮುಂಚೆ ಮನೆಯೋಳ್ನ ಕೇಳೋದು ಬೇಡ್ವಾ? ಹೂ ಪ್ರಸಾದ ಕೇಳೋಣ."

ಬೇಡ ಅನ್ನೋಕೆ ಯಾರಿಗೆ ಧೈರ್ಯ? ಸಂಪಂಗಪ್ಪನೇ ಸ್ನಾನ ಮಾಡ್ಕೊಂಡು ಬಂದು, ಕಲ್ಲಿಗೆ ನೀರು ಸುರಿದು, ಎರಡೂ ಕಡೆ ಒಂದೊಂದು ಹೂ ಅಂಟಿಸಿದ. ದೇವ್ರ ಬಲಗಡೆ ಹೂ ಬಿದ್ರೆ ಒಪ್ಪಿಗೆ, ಎಡಗಡೆ ಬಿದ್ರೆ ಇಲ್ಲ. ನಿಮಗೆ ಗೊತ್ತಿರೋದೇ. ಹೊನ್ನಾಜಮ್ಮ ಕೈ ಮುಗಿದು ಕೇಳಿದ್ಲು:

"ತಾಯಿ, ಸೂರು ಬೇಡ, ಬಿಸಿಲು-ಮಳೇಲಿ ಬಯಲಲ್ಲೇ ಇರ್ತೀನಿ ಅನ್ನೋದಾದ್ರೆ ಬಲಗಡೆ ಕೊಡು." ಬಲಗಡೆ ಹೂ ಜಾರಿತು. ಸಂಪಂಗಪ್ಪ ಮತ್ತೆ ಅಂಟಿಸಿದ.

"ಸಿಮೆಂಟ್ ಬೇಡ, ಕಾಲಿಗೆ ಮಣ್ಣೇ ಸಾಕು ಅನ್ನೋದಾದ್ರೆ ಬಲಗಡೆ ಕೊಡು." ಬಲಗಡೆ ಜಾರಿತು.

"ಕಾಯಿ ಬೇಡ, ಕರ್ಪೂರ ಬೇಡ, ಹರಕೆಗೆ ತರಕಾರಿ ಸಿಪ್ಪೆ ತಂದು ಗುಂಡೀಲಿ ಹಾಕಿ, ಗಿಡಕ್ಕೆ ಗೊಬ್ಬರ ಆಗ್ಲಿ ಅನ್ನೋದಾದ್ರೆ ಬಲಗಡೆ ಕೊಡು." ಜಾರಿತು ಕಣ್ರಪ್ಪ, ಮೂರನೇದೂ ಬಲಗಡೇನೇ!

ಹೆಂಗೆ ಅಂತೀರಾ? ದೇವ್ರ ಎದುರಿಗೆ ನಿಂತ್ರೆ ದೇವ್ರ ಬಲ ನಮಗೆ ಯಾವ ಕಡೆ? ಎಡಗಡೆ. ಎಡಚಿ ಆರು ವರ್ಷ ಒಗೆದಿದ್ದು ಯಾವ ಕಡೆ? ಅದೇ ಕಡೆ. ಸೊಳ್ಳೆ ಕೂತ್ರೂ ಜಾರೋ ಹಂಗಿತ್ತು. ಒಗೆಯೋ ಕಲ್ಲು ಅಂತ ಅವಳು ಹೇಳಿದ್ದನ್ನ ಒಬ್ಬನಾದ್ರೂ ನಂಬಿದ್ದಿದ್ರೆ ಗುಟ್ಟು ರಟ್ಟಾಗೋದು.

ಸಂಪಂಗಪ್ಪ ಬಿಟ್ಟನಾ? ದೇವರು ಕೊಟ್ರೂ ಪೂಜಾರಿ ಕೊಡ. "ತಾಯಿ, ಶುಕ್ರವಾರದ ಮೊದಲ ಕೊಯ್ಲು ಬಸಳೆ ನನ್ನ ಮನೆಗಾ?" ಅಂದ. ಅದಕ್ಕೂ ಬಲಗಡೆ ಜಾರಿತು. ಹೊನ್ನಾಜಮ್ಮನೂ ಅಡ್ಡಬಿದ್ಲು. ದೇವ್ರು ಹೇಳಿದ್ಮೇಲೆ ಮುಗೀತು.

ಈಗ ಆ ಹಿತ್ತಲಿಗೆ ದಿನಾ ಸಿಪ್ಪೆ ಬೀಳುತ್ತೆ. ತರೋರು ಅವರೇ, ಬುಟ್ಟಿ ಅದೇ. ಚಪ್ಪಲಿ ಮಾತ್ರ ಹೊರಗೆ ಬಿಟ್ಟು ಬರ್ತಾರೆ. ಬಸಳೆ ಗೋಡೆ ಹತ್ತಿದೆ, ಗಂಬೂಟಲ್ಲಿ ಮೆಣಸಿನಕಾಯಿ ಬಿಟ್ಟಿದೆ. ಹೊನ್ನಾಜಮ್ಮ ಹಿಂದಿನ ಬಾಗಿಲು ಹಾರು ಹೊಡೆದು, ಮೆಟ್ಟಿಲ ಮೇಲೆ ಬಿಸಿಲಲ್ಲಿ ಕೂತು, ಒಂದೇ ಸಲಕ್ಕೆ ಸೂಜಿಗೆ ದಾರ ಪೋಣಿಸ್ತಾಳೆ. ಒಂದೇ ಕಷ್ಟ ಉಳಿದಿರೋದು. ಬಟ್ಟೆ ಒಗೆಯೋಕೆ ಅವಳಿಗೆ ಕಲ್ಲಿಲ್ಲ.

ಅವಳ ಬಳ್ಳಿ ಅಲ್ಲಿ ಹಬ್ಬಲಿ, ನನ್ನ ಮಾತು ಇಲ್ಲಿ ನಿಲ್ಲಲಿ. ಏಳೋ ಮುಂಚೆ ನೀವು ತಿಂದ ಕಡಲೆಕಾಯಿ ಸಿಪ್ಪೆ ಈ ಬುಟ್ಟಿಗೆ ಹಾಕಿ ಹೋಗ್ರಪ್ಪ, ನನ್ನದೂ ಒಂದು ಹರಕೆ ಇದೆ.