ಬಲೆಚೀಲದ ಕೋಳಿ

ಸಲಾ ಪೇಟೆಯ ಬಸ್ ನಿಲ್ದಾಣದ ಸಾಲಿನಲ್ಲಿ ಇದ್ರೀಸನ ಮುಂದೆ ಒಂದೇ ಓಣಿಯ ಇಬ್ಬರು ಹೆಂಗಸರು ನಿಂತಿದ್ದರು: ರುಕಯ್ಯಾ, ಮತ್ತು ಅವಳು ಗೌರವದಿಂದ ‘ಲಲ್ಲಾ’ ಎಂದು ಕರೆಯುವ ತಾಮೂ. ರುಕಯ್ಯಾಳ ಬಲೆಚೀಲದಿಂದ, ಆಗಷ್ಟೇ ಕೊಯ್ಸಿ ತಂದ ಕೋಳಿಯ ಕಾಲುಗಳು ಹೊರಗೆ ಇಣುಕುತ್ತಿದ್ದವು.

“ಪ್ಲಾಸ್ಟಿಕ್ ಚೀಲ ಬೇಡ ಅಂದ ಮಹಾನುಭಾವರು ಒಂದಿನವಾದ್ರೂ ಸಂತೆ ಮಾಡಿದಾರಾ, ಲಲ್ಲಾ ತಾಮೂ?”

“ಮರದ ತುಂಬಾ ಕರೀ ಚೀಲ ಕಾಗೆ ಹಾಗೆ ನೇತಾಡ್ತಿದ್ದದ್ದು ಮರೆತ್ಯಾ? ನಮ್ಮ ಮೇಕೆ ಸತ್ತದ್ದೇ ಅದನ್ನ ತಿಂದು.”

“ಆ ಮೇಕೆ ಮೇಲೆ ದೇವರ ಕರುಣೆ ಇರಲಿ. ಆದ್ರೆ ಕರೀ ಚೀಲ ಮಾನ ಕಾಯ್ತಿತ್ತು. ಒಳಗಿರೋದು ಕೋಳಿಯೋ ಕುಂಬಳವೋ, ಯಾರಿಗೆ ಗೊತ್ತಾಗ್ತಿತ್ತು?”

“ಗೊತ್ತಾದ್ರೆ ಏನೀಗ?”

“ಕಣ್ಣಾರೆ ಕಂಡವರಿಗೆಲ್ಲ ಮಾಡಿದ್ದರಲ್ಲಿ ಒಂದೊಂದು ತಟ್ಟೆ ಕಳಿಸೋದು ಪದ್ಧತಿ ಅಲ್ವಾ? ಮಗಳು ನಿನ್ನೆ ಹೆತ್ತಿದಾಳೆ. ಬಾಣಂತಿಗೆ ಮೆಂತ್ಯ ಹಾಕಿ ಮಾಡೋಣ ಅಂತ ಇದೊಂದೇ ಕೋಳಿ ತಂದೆ. ಇದು ಹೀಗೆ ಕಾಣೋ ಹಾಗೆ ನಮ್ಮ ಓಣಿ ದಾಟಿದ್ರೆ ಅವಳಿಗೆ ಉಳಿಯೋದು ಬರೀ ಸಾರು.”

“ಮೇಲೆ ಪುದೀನ ಹೊದಿಸೇ.”

“ಹೊದಿಸ್ದೆ. ಕಾಲು ಮುಚ್ಚಿದ್ರೆ ಕತ್ತು ಕಾಣತ್ತೆ.”

“ಕೊಡು ಇಲ್ಲಿ, ನನ್ನ ಬುಟ್ಟಿಗೆ ಮುಚ್ಚಳ ಇದೆ. ನೀನು ನನ್ನ ಕುಂಬಳಕಾಯಿ ಬಲೆಗೆ ಹಾಕ್ಕೊಂಡು ಓಣೀಲಿ ಮೆರೀತಾ ಬಾ.”

ಕೋಳಿ ಬುಟ್ಟಿಗೆ ಹೋಯಿತು, ಕುಂಬಳಕಾಯಿ ಬಲೆಗೆ ಬಂತು.

“ನೂರು ಕಾಲ ಬಾಳು, ಲಲ್ಲಾ!”

“ಬಾಳ್ತೀನಿ. ಆದ್ರೆ ನಾನೂ ಕಣ್ಣಾರೆ ಕಂಡಿದೀನಿ ಕಣೇ. ನನ್ನ ತಟ್ಟೆ?”

“ತಗೋ, ಒಂದು ರೆಕ್ಕೆ.”

“ನನಗಾಯ್ತು. ಹಿಂದೆ ನಿಂತಿರೋ ಈ ತಮ್ಮನೂ ಆಗಿಂದ ನೋಡ್ತಿದಾನಲ್ಲ?”

ಅವರ ಬಸ್ಸು ಬಂದು ನಿಂತಿತು. ಮೆಟ್ಟಿಲ ಮೇಲೆ ಕಾಲಿಟ್ಟ ರುಕಯ್ಯಾ ಗಾಬರಿಯಿಂದ ತಿರುಗಿ ನೋಡಿದಳು.

“ನಾನು ನೋಡಿದ್ದು ಕುಂಬಳಕಾಯಿ ಮಾತ್ರ, ಅಕ್ಕಾ,” ಎಂದ ಇದ್ರೀಸ. “ಮಗೂಗೆ ಒಳ್ಳೇದಾಗಲಿ.”