ಹರಿದ ಸೀರೆ ಬೇಕಾಗಿದೆ

ಹಾಸನದ ಬಸ್ ನಿಲ್ದಾಣದಲ್ಲಿ ಹೊಳೆನರಸೀಪುರದ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದ ಬೆಂಚಿನಲ್ಲಿ ಕಾಲೇಜಿನ ಹುಡುಗ, ಹುಡುಗಿ ಕುಳಿತು ಕಿರುಚಿತ್ರದ ಮಾತಾಡುತ್ತಿದ್ದರು. ಹುಡುಗನೇ ನಿರ್ದೇಶಕನೆಂದು ಅವನ ದನಿಯಿಂದಲೇ ತಿಳಿಯುತ್ತಿತ್ತು.

“ರಂಜಿನಿ, ಲೊಕೇಶನ್ ನಿಮ್ಮನೆ. ನೀನು ಮಾಡೋ ಕೂಲಿ ಹೆಂಗಸಿನ ಪಾತ್ರಕ್ಕೆ ಅದೇ ಸರಿ.”

“ನಮ್ಮನೆಗೆ ಹೋದ್ವರ್ಷ ಟೈಲ್ಸ್ ಹಾಕ್ಸಿದೀವಿ ಕೌಶಿಕ್.”

“ಅದರ ಮೇಲೆ ಸಗಣಿ ಸಾರಿಸೋಣ. ಲೈಟಿಂಗಿಗೆ ಒಂದು ಬುಡ್ಡಿದೀಪ ಸಾಕು.”

“ಬುಡ್ಡಿದೀಪ ನಾನೇ ನೋಡಿಲ್ಲ ಕಣೋ. ಎಲ್ಲಿಂದ ತರ್ಲಿ?”

“ಆನ್‌ಲೈನಲ್ಲಿ ಸಿಗುತ್ತೆ. ನಿಮ್ಮಮ್ಮ ಶುಂಠಿ ಕೀಳಕ್ಕೆ ಹೋಗ್ತಾರಲ್ಲ, ಏನ್ ಹಾಕ್ಕೋತಾರೆ?”

“ಸೀರೆ ಮೇಲೆ ನಮ್ಮಪ್ಪನ ತುಂಬುತೋಳಿನ ಶರಟು, ತಲೆಗೊಂದು ಟವಲ್ಲು. ಕೂಲಿಗೆ ಎಲ್ರೂ ಅಂಗೇ ಹೋಗಾದು.”

“ಶರಟು ಬೇಡ, ಬಡತನ ಕಾಣಲ್ಲ. ಅವ್ರದ್ದೇ ಒಂದು ಹರಿದ ಸೀರೆ ತಗೊಂಡ್ಬಾ.”

“ಅರ್ದೋಗಿರೋ ಸೀರೆ ನಮ್ಮವ್ವ ಉಡಾಕಿಲ್ಲ. ಒರಸೋ ಬಟ್ಟೆ ಮಾಡ್ಕೋತಾಳೆ.”

“ಹಂಗಾದ್ರೆ ಚೆನ್ನಾಗಿರೋದೇ ತಗೊಂಡ್ಬಾ, ನಾವೇ ಹರಿಯೋಣ.”

ಅರಕಲಗೂಡಿನ ಬಸ್ಸು ಬಂದು ನಿಂತಿತು. ಅವಳು ಬ್ಯಾಗು ಹೆಗಲಿಗೇರಿಸಿ ಎದ್ದಳು.

“ಕೌಶಿಕ್, ಆ ಪಾತ್ರ ನೀನೇ ಮಾಡ್ಬುಡು.”

“ನಾನ್ಯಾಕೆ?”

“ನಮ್ಮೂರೆಲ್ಲಾ ಹುಡುಕಿದ್ರೂ ಅರ್ದಿರೋ ಬಟ್ಟೆ ಹಾಕ್ಕೊಂಡು ಓಡಾಡೋರು ಯಾರೂ ಸಿಗಾಕಿಲ್ಲ. ನಿನ್ ಮಂಡಿ ನೋಡ್ಕೊ.”

ಅವಳು ಬಸ್ಸು ಹತ್ತಿದಳು. ಅವನು ಅತ್ತಿತ್ತ ನೋಡಿ, ಜೀನ್ಸಿನ ಮಂಡಿಯ ಮೇಲೆ ನೋಟ್‌ಬುಕ್ ಇಟ್ಟುಕೊಂಡ. ಒಂದು ಮಂಡಿ ಮುಚ್ಚಿತು. ಇನ್ನೊಂದಕ್ಕೆ ಕೈ ಅಡ್ಡ ಹಿಡಿದ.